ಗಿಡ ಸಾಯಿಸುವ ಚಳಿಗೆ ‘ಹಿಮ’ ಎನ್ನಬಹುದಾ?

ಗೆಳೆಯರೇ,

ಚಳಿ ಜಾಸ್ತಿ ಇರುವ ಕಡೆ ಅಂಜೂರ ಬೆಳೆಯುವ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇಂಗ್ಲಿಷಿನ ಫ್ರಾಸ್ಟ್ ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನುವುದು ಎಂದು ತೋಚದೆ ನಿಂತುಬಿಟ್ಟಿದ್ದೇನೆ.

ಮೊದಲು ‘ಹಿಮ’ ಅಂತಲೇ ಬರೆದೆ. ‘ಅಂಜೂರವನ್ನು ಹಿಮದಿಂದ ಕಾಪಾಡಿ’ ಎಂದಾಯಿತು. ಇದನ್ನು ಓದಿದವರು ಬುಡದ ಮೇಲೆ ಬಿದ್ದ ಹಿಮವನ್ನೆಲ್ಲ ಬಳಿದು ಹಾಕಿದರೆ ಗಿಡಕ್ಕೇ ಕೇಡು. ಸಡಿಲವಾಗಿ ಬಿದ್ದ ಹಿಮದೊಳಗೆ ಗಾಳಿ ತುಂಬಿರುತ್ತದೆ. ಬೇರಿಗೆ ಅದು ಕಂಬಳಿ ಹೊದಿಸಿದ ಹಾಗೆ. ಕೊಲ್ಲುವುದು ಬೇರೆಯದು. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಬಿಸಿಯೆಲ್ಲ ಹೊರಟುಹೋಗುತ್ತದೆ, ಎಲೆಯ ಮೇಲೆ ಬಿಳಿ ಪುಡಿ ಕೂರುತ್ತದೆ. ಅದು ಆಕಾಶದಿಂದ ಬಿದ್ದದ್ದಲ್ಲ, ಎಲೆಯ ಮೇಲೇ ಹುಟ್ಟಿದ್ದು.

‘ಮಂಜು’ ಎಂದರೆ ದಾರಿ ಮುಸುಕುವ ಮಂಜೇ ನೆನಪಾಗುತ್ತದೆ. ‘ಇಬ್ಬನಿ’ ಹತ್ತಿರದ ಪದ, ಆದರೆ ಅದು ನೀರು, ಅಲ್ವಾ? ‘ಹೆಪ್ಪಿಬ್ಬನಿ’ ಎಂದು ಕಟ್ಟಿ ನೋಡಿದೆ. ಕಿವಿಗೆ ತುಂಬಾ ಹಿಡಿಸಿತು. ತೊಡಕು ಏನೆಂದರೆ, ಗಾಳಿ ಒಣಗಿದ್ದಾಗ ಬಿಳಿ ಪುಡಿ ಕಾಣಿಸದೆಯೇ ಚಿಗುರು ಒಳಗೊಳಗೇ ಹೆಪ್ಪುಗಟ್ಟಿ, ಬೆಳಗಾದ ಮೇಲೆ ಕಪ್ಪಾಗಿ ಜೋತುಬೀಳುತ್ತದೆ. ಅಲ್ಲಿ ಇಬ್ಬನಿಯೇ ಇರುವುದಿಲ್ಲ. ಹಾಗಾಗಿ ಈಗ ನನ್ನ ಒಲವು ‘ಹೆಪ್ಪುಚಳಿ’ಯ ಕಡೆಗೆ. ‘ಚಿಗುರಿಗೆ ಹೆಪ್ಪುಚಳಿ ಹೊಡೆಯಿತು’, ‘ಹೆಪ್ಪುಚಳಿ ಮುಗಿದ ಮೇಲೆ ಗೋಣಿ ಬಿಚ್ಚಿ’. ಸಹಜವಾಗಿ ಕೇಳಿಸುತ್ತದಾ?

ಸುಮ್ನೆ ಪದದ ಆಸೆಗೆ ಕೇಳುತ್ತಿಲ್ಲ. ಎಲೆ ಉದುರಿಸಿ ಮಲಗಿದ ಬಲಿತ ಅಂಜೂರದ ಮರ ಸುಮಾರು ಮೈನಸ್ 10 ಡಿಗ್ರಿವರೆಗೆ ತಡೆದುಕೊಳ್ಳುತ್ತದೆ. ಅದೇ ಮರದ ಎಳೆ ಚಿಗುರು ಸೊನ್ನೆಗಿಂತ ಒಂದೆರಡು ಡಿಗ್ರಿ ಇಳಿದರೂ ಸುಟ್ಟುಹೋಗುತ್ತದೆ. ಹೊದಿಕೆ ಯಾವಾಗ ತೆಗೆಯಬೇಕು ಎನ್ನುವುದು ಈ ಒಂದು ಪದದ ಮೇಲೆ ನಿಂತಿದೆ. (ಮರ ‘ಮಲಗುತ್ತದೆ’ ಎಂದೇ ಬರೆದಿದ್ದೇನೆ. ಸುಪ್ತಾವಸ್ಥೆ ಬೇಡ ಅನ್ನಿಸಿತು.)

ಇನ್ನೊಂದು ಚಿಕ್ಕ ಪ್ರಶ್ನೆ. ಕೊಂಬೆ ಸತ್ತರೂ ಬೇರು ಉಳಿದಿದ್ದರೆ ಅಂಜೂರ ಮತ್ತೆ ಚಿಗುರುತ್ತದೆ. ಆದರೆ ಹಿಂದಿನ ವರ್ಷದ ಕೊಂಬೆಯಲ್ಲಿ ಬರುವ ಮೊದಲ ಫಸಲು ಹೋದಂತೆಯೇ. ಬೆಳೆಯುವವರು ಈ ಫಸಲನ್ನು ಬ್ರೆಬಾ ಅನ್ನುತ್ತಾರೆ. ‘ಹಳೆಗೊಂಬೆ ಫಸಲು’ ಎಂದು ಕೂಡಿಸಿ ಬರೆದರೆ ಆಟದ ಗೊಂಬೆ ನೆನಪಾಗುತ್ತದೆ. ಬಿಡಿಸಿ ‘ಹಳೆ ಕೊಂಬೆ ಫಸಲು’ ಎಂದರೆ ಪದ ಉದ್ದವಾಯಿತು.

ಹೆಪ್ಪುಚಳಿಗಿಂತ ಹಳೆಯದು, ಜನರ ಬಾಯಲ್ಲಿ ಇರುವುದು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಾನು ಕಟ್ಟಿದ್ದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.