ಪದಚರ್ಚೆ: ದೇಹದ ಗಡಿಯಾರಕ್ಕೆ 'ಹೊತ್ತಿನ ಗೊತ್ತು' ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಒಂದಲ್ಲ, ಎರಡು. ಎರಡೂ ಒಂದಕ್ಕೊಂದು ಸಿಕ್ಕಿಕೊಂಡಿರುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನಿರುವುದು ಉಡುಪಿಯಲ್ಲಿ. ರಾತ್ರಿ ಪಾಳಿಯಲ್ಲಿ ದುಡಿಯುವವರಿಗಾಗಿ ನಿದ್ದೆಯ ಬಗ್ಗೆ ನಾಲ್ಕು ಪುಟದ ಒಂದು ಕರಪತ್ರವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದುವವರು ನರ್ಸುಗಳು, ಸೆಕ್ಯುರಿಟಿಯವರು, ಬಸ್ಸಿನ ಡ್ರೈವರುಗಳು, ಮಲ್ಪೆಯಲ್ಲಿ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವವರು. ಮೊದಲ ಪುಟದಲ್ಲೇ 'ಸರ್ಕೇಡಿಯನ್ ಕ್ಲಾಕ್' ಬಂತು, ಅಂದರೆ ನಿದ್ದೆ, ಎಚ್ಚರಗಳ ಹೊತ್ತು ನಡೆಸುವ ದೇಹದೊಳಗಿನ ಗಡಿಯಾರ. ಅದರ ಹಿಂದೆಯೇ 'ಟೈಮ್ ಪರ್ಸೆಪ್ಷನ್', ಅಂದರೆ ಎಷ್ಟು ಹೊತ್ತು ಕಳೆಯಿತು ಎಂದು ಮನಸ್ಸಿಗೆ ಅನಿಸುವುದು. ಮೊದಲನೆಯದಕ್ಕೆ 'ಜೈವಿಕ ಗಡಿಯಾರ' ಎಂದೂ ಎರಡನೆಯದಕ್ಕೆ 'ಸಮಯಪ್ರಜ್ಞೆ' ಎಂದೂ ಬರೆದು ಅಕ್ಕನಿಗೆ ಕಳಿಸಿದೆ. ಅಕ್ಕ ನರ್ಸ್. ತಿಂಗಳಲ್ಲಿ ಹತ್ತು ದಿನ ನೈಟ್ ಡ್ಯೂಟಿ.

ಅವಳು ಓದಿದ ಕೂಡಲೇ ಫೋನ್ ಮಾಡಿದಳು. "ರಾತ್ರಿ ಪಾಳಿಯವರ ಸಮಯಪ್ರಜ್ಞೆ ಕಡಿಮೆಯಾಗುತ್ತದೆ ಅಂತ ಬರೆದಿದ್ದೀಯಲ್ಲ, ಹಾಗೆಂದರೆ ಎಂತ? ನಮಗೆ ಕಷ್ಟಕಾಲದಲ್ಲಿ ಬುದ್ಧಿ ಓಡುವುದಿಲ್ಲ ಅಂತಲಾ?"

ಅವಳು ಹೇಳಿದ್ದು ಸರಿ. ಸಮಯಪ್ರಜ್ಞೆ ಎಂಬ ಪದಕ್ಕೆ ಕನ್ನಡದಲ್ಲಿ ಆಗಲೇ ಬೇರೆ ಕೆಲಸ ಉಂಟು. ಚಾಲಕನ ಸಮಯಪ್ರಜ್ಞೆಯಿಂದ ಅನಾಹುತ ತಪ್ಪಿತು ಎಂದು ಪೇಪರಿನಲ್ಲಿ ಓದುತ್ತೇವೆ. ಅಲ್ಲಿ ಅದಕ್ಕೆ ಆ ಕ್ಷಣದಲ್ಲಿ ತಲೆ ಓಡಿತು ಎಂಬ ಅರ್ಥ. ಹೇಳಿದ ವೇಳೆಗೆ ಸರಿಯಾಗಿ ಬರುವವನಿಗೂ ಸಮಯಪ್ರಜ್ಞೆ ಇದೆ ಎನ್ನುತ್ತೇವೆ. ಕಳೆದ ಹೊತ್ತು ಎಷ್ಟು ಉದ್ದ ಎಂದು ಮನಸ್ಸಿಗೆ ಅನಿಸುವುದಕ್ಕೆ ಈ ಪದ ಒಗ್ಗುವುದೇ ಇಲ್ಲ. 'ಕಾಲಪ್ರಜ್ಞೆ' ಎನ್ನೋಣವೆಂದರೆ ಅದು ಸಾಹಿತ್ಯ ವಿಮರ್ಶೆಯವರ ಪದ, ಅದರಲ್ಲಿ ಚರಿತ್ರೆಯ ವಾಸನೆ ಜಾಸ್ತಿ.

ಇನ್ನು ಜೈವಿಕ ಗಡಿಯಾರ. 2017ರಲ್ಲಿ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ ಇದೇ ವಿಷಯಕ್ಕೆ ನೊಬೆಲ್ ಬಂದಾಗ ನಾನು ಕನ್ನಡದಲ್ಲಿ ಓದಿದ ಬರಹಗಳಲ್ಲಿ ಕಂಡದ್ದು ಈ ಪದವೇ. ತಪ್ಪು ಎಂದು ಹೇಳುತ್ತಿಲ್ಲ. ಆದರೆ ಅಕ್ಕ ಇದಕ್ಕೂ ಒಂದು ಮಾತು ಹೇಳಿದಳು: "ಗಡಿಯಾರವಾದರೆ ಮುಳ್ಳು ತಿರುಗಿಸಿದರಾಯಿತು. ನನ್ನದು ನಾಲ್ಕು ರಾತ್ರಿ ಕಳೆದರೂ ತಿರುಗುವುದಿಲ್ಲ ಮಾರಾಯ."

ಇದನ್ನು ಯೋಚಿಸುತ್ತಾ ಹೋದಂತೆ ನನಗೆ ಅವಳ ಮಾತೇ ಸರಿ ಎನಿಸತೊಡಗಿತು. ಗಡಿಯಾರ, ಗಳಿಗೆ ಎರಡೂ ಘಟಿಕಾ ಕಡೆಯಿಂದ ಬಂದವು. ನೀರಿನ ಮೇಲೆ ತಳದಲ್ಲಿ ತೂತಿರುವ ಬಟ್ಟಲು ಬಿಡುವುದು, ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಅಂಥ 60 ಗಳಿಗೆ ಸೇರಿದರೆ ಒಂದು ದಿನ. ಬಟ್ಟಲಾಗಲಿ ಗೋಡೆಯ ಗಡಿಯಾರವಾಗಲಿ, ಅಳೆಯುವುದಷ್ಟೇ ಅದರ ಕೆಲಸ. ದೇಹದ ಒಳಗಿರುವುದು ಅಳೆದು ಸುಮ್ಮನಿರುವುದಿಲ್ಲ. ಕತ್ತಲಾದ ಮೇಲೆ ಮೈಯನ್ನು ನಿದ್ದೆಗೆ ಸಜ್ಜು ಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಬಿಡಿಸುತ್ತದೆ, ಬೆಳಗಿನ ಜಾವಕ್ಕೆ ಮೈಯ ಬಿಸಿ ಇಳಿಸುತ್ತದೆ, ಹೊಟ್ಟೆಯನ್ನು ಊಟಕ್ಕೆ ತಯಾರು ಮಾಡುತ್ತದೆ. ಮೇಲಾಗಿ ಅದು ಒಂದೇ ಅಲ್ಲ. ಮಿದುಳಿನಲ್ಲಿ, ಕಣ್ಣಿನಿಂದ ಬರುವ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಅಕ್ಕಿ ಕಾಳಿಗಿಂತಲೂ ಚಿಕ್ಕ ಗುಂಪೊಂದಿದೆ. ಸುಮಾರು 20,000 ಜೀವಕೋಶಗಳು. ಅದು ಯಕ್ಷಗಾನ ಮೇಳದಲ್ಲಿ ಹಾಡಿ ಆಟ ನಡೆಸುವ ಭಾಗವತನ ಹಾಗೆ. ಯಕೃತ್ತು, ಹೃದಯ, ಚರ್ಮ ಎಲ್ಲಕ್ಕೂ ತಮ್ಮದೇ ತಾಳ ಇದೆ, ಭಾಗವತನನ್ನು ನೋಡಿ ಹೊಂದಿಸಿಕೊಳ್ಳುತ್ತವೆ.

'ಸರ್ಕೇಡಿಯನ್' ಎಂಬ ಪದವನ್ನು 1959ರಲ್ಲಿ ಫ್ರಾಂಜ್ ಹಾಲ್‌ಬರ್ಗ್ ಲ್ಯಾಟಿನ್ನಿನಿಂದ ಕಟ್ಟಿದರು. ಅರ್ಥ 'ಸುಮಾರು ಒಂದು ದಿನ'. ಈ 'ಸುಮಾರು' ಬಹಳ ಮುಖ್ಯ, 'ದೈನಿಕ ಲಯ' ಎಂದು ಬರೆದ ಕೂಡಲೇ ಅದು ಬಿದ್ದುಹೋಗುತ್ತದೆ. ಹೊರಗಿನ ಹಗಲು ರಾತ್ರಿಯ ಸುಳಿವೇ ಇಲ್ಲದ ಹಾಗೆ ಇಟ್ಟರೆ ಮನುಷ್ಯನ ದೇಹದ ದಿನ ಸರಾಸರಿ 24 ಗಂಟೆಗಿಂತ ಹತ್ತು ಹನ್ನೊಂದು ನಿಮಿಷ ಉದ್ದ. ಹಾಗಾಗಿ ಅದನ್ನು ದಿನಾ ಯಾರಾದರೂ ಎಳೆದು ಸರಿಮಾಡಬೇಕು. ಆ ಕೆಲಸ ಬೆಳಗಿನ ಬೆಳಕಿನದು. ಅಕ್ಕನ ಕಷ್ಟವೂ ಇಲ್ಲೇ ಇದೆ. ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಮುಗಿಸಿ ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತಾಳೆ, ಆ ಬಿಸಿಲು ಅವಳ ದೇಹಕ್ಕೆ ಈಗ ಹಗಲು, ಏಳು ಎಂದು ಹೇಳುತ್ತದೆ, ಅವಳು ಮನೆಗೆ ಬಂದು ಪರದೆ ಎಳೆದು ಮಲಗಲು ನೋಡುತ್ತಾಳೆ. ನಿದ್ದೆ ಹತ್ತಿದರೂ ಹನ್ನೊಂದೂವರೆಗೆ ಎಚ್ಚರ.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಹೋದ ವಾರ ಶಂಕರಪುರಕ್ಕೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರದ್ದು ಮಲ್ಲಿಗೆ ತೋಟ. ಮೊಗ್ಗು ಬಿರಿಯುವ ಮೊದಲೇ ಕೊಯ್ಯಬೇಕು, ಕಟ್ಟಿ ಅಂಗಡಿಗೆ ಮುಟ್ಟಿಸಬೇಕು. ದೊಡ್ಡಮ್ಮ ನಾಲ್ಕೂಕಾಲಿಗೆ ಏಳುತ್ತಾರೆ, ಅಲಾರಾಂ ಇಲ್ಲ. ಮಳೆಗಾಲದಲ್ಲಿ ಹೂವು ಕಡಿಮೆ ಇದ್ದಾಗಲೂ ಅದೇ ಹೊತ್ತಿಗೆ ಎಚ್ಚರ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ಮೈಗೆ ಹೊತ್ತಿನ ಗೊತ್ತು ಉಂಟು ಮಗಾ" ಎಂದರು. ಅಷ್ಟೇ. ಹೂವು ಕಟ್ಟುತ್ತಲೇ ಇದ್ದರು.

ನನಗೆ ಬೇಕಾಗಿದ್ದ ಪದ ಇದೇ ಅಲ್ವಾ ಎಂದು ಅನಿಸಿತು.

'ಹೊತ್ತು' ಎಂಬ ಪದವನ್ನೇ ನೋಡಿ. ಹಳಗನ್ನಡದಲ್ಲಿ ಪೊೞ್ತು, ತಮಿಳಿನಲ್ಲಿ ಪೊಳುದು, ನಮ್ಮ ತುಳುವಿನಲ್ಲಿ ಪೊರ್ತು. ಹೊತ್ತು ಮೂಡಿತು ಎಂದರೆ ಸೂರ್ಯ ಮೂಡಿದ, ಹೊತ್ತು ಕಂತಿತು ಎಂದರೆ ಸೂರ್ಯ ಮುಳುಗಿದ. ಸಮಯಕ್ಕೂ ಸೂರ್ಯನಿಗೂ ಒಂದೇ ಹೆಸರು. ದೇಹವನ್ನು ದಿನಾ ಸರಿಮಾಡುವುದು ಬೆಳಕು ಎಂಬ ಸಂಗತಿ ಈ ಪದದ ಹೊಟ್ಟೆಯಲ್ಲೇ ಇದೆ. ಗಡಿಯಾರದ ಸಮಯವೂ ಸೂರ್ಯನ ಹೊತ್ತೂ ಬೇರೆ ಬೇರೆ ಎಂಬುದು ನಮ್ಮ ಊರಿನವರಿಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕು. ಭಾರತದ ಸಮಯ ಲೆಕ್ಕ ಹಾಕುವುದು 82.5 ಡಿಗ್ರಿ ರೇಖಾಂಶದಿಂದ, ಉಡುಪಿ ಇರುವುದು 75ರ ಹತ್ತಿರ. ಅದಕ್ಕೇ ಇಲ್ಲಿ ನಡುಹೊತ್ತು ಬರುವಾಗ ಗಡಿಯಾರದಲ್ಲಿ ಸುಮಾರು ಹನ್ನೆರಡೂವರೆ. ಕೈಗಡಿಯಾರ ನಮ್ಮ ಸೂರ್ಯನಿಗಿಂತ ಅರ್ಧ ಗಂಟೆ ಮುಂದೆ ಓಡುತ್ತಿದೆ.

ಹೊತ್ತಿಗೆ ಇನ್ನೊಂದು ಅರ್ಥವೂ ಇದೆ: ಮೂರು ಹೊತ್ತಿನ ಊಟ, ಒಪ್ಪೊತ್ತು. ಊಟದ ವೇಳೆಯೂ ಯಕೃತ್ತಿನಂಥ ಅಂಗಗಳ ತಾಳವನ್ನು ಹಿಂದೆಮುಂದೆ ಮಾಡುತ್ತದೆ. ಕರಪತ್ರದಲ್ಲಿ ನಡುರಾತ್ರಿ ಭಾರೀ ಊಟ ಬೇಡ ಎಂದು ಇರುವುದಕ್ಕೆ ಇದೂ ಒಂದು ಕಾರಣ.

'ಗೊತ್ತು' ಕೂಡ ಒಳ್ಳೆಯ ಪದ. ಈಗ ತಿಳಿದಿರುವುದು ಎಂಬ ಅರ್ಥದಲ್ಲೇ ಜಾಸ್ತಿ ಬಳಸುತ್ತೇವೆ, ಆದರೆ ಗೊತ್ತುಮಾಡು, ಗೊತ್ತುಪಡಿಸು ಎನ್ನುವಾಗ ನಿಶ್ಚಯ ಮಾಡಿದ್ದು, ನೆಲೆ ಮಾಡಿದ್ದು ಎಂಬ ಅರ್ಥ ಬರುತ್ತದೆ. ದೇಹಕ್ಕೆ ಹೊತ್ತು ತಿಳಿದಿದೆ, ದೇಹದಲ್ಲಿ ಹೊತ್ತು ನೆಲೆಯಾಗಿದೆ, ಎರಡೂ ಸೇರಿತು. ಕತ್ತಲಲ್ಲಿಟ್ಟ ಗಿಡಕ್ಕೂ ಈ ಗೊತ್ತು ಇರುತ್ತದೆ ಎಂದು 1729ರಲ್ಲೇ ದ ಮೇರಾನ್ ಎಂಬ ಫ್ರಾನ್ಸಿನ ವಿಜ್ಞಾನಿ ಕಂಡಿದ್ದರು. ನಮ್ಮ ನಾಚಿಕೆ ಮುಳ್ಳಿನಂಥ ಗಿಡವದು. ಬೆಳಕೇ ಇಲ್ಲದಿದ್ದರೂ ಹಗಲಿನ ಹೊತ್ತಿಗೆ ಎಲೆ ಬಿಚ್ಚಿ ರಾತ್ರಿ ಮುಚ್ಚುತ್ತಿತ್ತು.

ಹಾಗಾದರೆ ಟೈಮ್ ಪರ್ಸೆಪ್ಷನ್‌ಗೆ ಏನು? ನಾನು ಇಟ್ಟುಕೊಂಡಿರುವುದು 'ಹೊತ್ತಿನ ಅಂದಾಜು'. ಗೊತ್ತು ಮೈಯದ್ದು, ಅಂದಾಜು ಮನಸ್ಸಿನದ್ದು. ಹೊತ್ತು ಹೋದದ್ದೇ ತಿಳಿಯಲಿಲ್ಲ, ಹೊತ್ತೇ ಹೋಗುವುದಿಲ್ಲ, ಗಳಿಗೆ ಯುಗವಾಯಿತು ಎನ್ನುವುದೆಲ್ಲ ಅಂದಾಜಿನ ಲೆಕ್ಕ.

ಈ ಎರಡು ಪದಗಳನ್ನು ಒಂದು ನಿಜವಾದ ಕತೆಯ ಮೇಲೆ ಹಚ್ಚಿ ನೋಡಿದೆ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ಯುವಕ ಆಲ್ಪ್ಸ್ ಬೆಟ್ಟದ ಒಂದು ಗುಹೆಗೆ ಗಡಿಯಾರವಿಲ್ಲದೆ ಇಳಿದ. ಹಸಿವಾದಾಗ ಉಂಡ, ನಿದ್ದೆ ಬಂದಾಗ ಮಲಗಿದ, ಪ್ರತಿ ಸಲವೂ ಮೇಲಿದ್ದವರಿಗೆ ಫೋನಿನಲ್ಲಿ ಹೇಳಿದ. ಎರಡು ತಿಂಗಳಾದ ಮೇಲೆ, ಸೆಪ್ಟೆಂಬರ್ 14ಕ್ಕೆ, ಮುಗಿಯಿತು ಬಾ ಎಂದಾಗ ಅವನ ಲೆಕ್ಕದಲ್ಲಿ ಅಂದು ಆಗಸ್ಟ್ 20. ಇಪ್ಪತ್ತೈದು ದಿನ ಎಲ್ಲಿ ಹೋಯಿತೆಂದೇ ಅವನಿಗೆ ತಿಳಿಯಲಿಲ್ಲ. ಒಂದೊಂದು ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸು ಎಂದರೆ ಐದು ನಿಮಿಷ ತೆಗೆದುಕೊಳ್ಳುತ್ತಿದ್ದ. ಆದರೆ ಮೇಲಿದ್ದವರು ಬರೆದಿಟ್ಟ ಲೆಕ್ಕ ನೋಡಿದರೆ ಅವನು ಮಲಗಿ ಏಳುತ್ತಿದ್ದದ್ದು ಸುಮಾರು ಇಪ್ಪತ್ತನಾಲ್ಕೂವರೆ ಗಂಟೆಗೊಮ್ಮೆ. ನನ್ನ ಪದಗಳಲ್ಲಿ ಹೇಳುವುದಾದರೆ, ಅವನ ಅಂದಾಜು ಪೂರಾ ತಪ್ಪಿತು, ಗೊತ್ತು ಅಷ್ಟಾಗಿ ತಪ್ಪಲಿಲ್ಲ. ಜೈವಿಕ ಗಡಿಯಾರ, ಸಮಯಪ್ರಜ್ಞೆ ಎಂಬ ಪದಗಳನ್ನು ಹಾಕಿ ಇದೇ ವಾಕ್ಯ ಬರೆದು ನೋಡಿ. ನನಗಂತೂ ಬರೆಯಲು ಆಗಲಿಲ್ಲ.

ಅಕ್ಕನದ್ದು ಇದಕ್ಕೆ ತದ್ವಿರುದ್ಧ. ವಾರ್ಡಿನ ಗೋಡೆಯಲ್ಲಿ ಗಡಿಯಾರ ಇದೆ, ಗಂಟೆ ಎಷ್ಟೆಂದು ಅವಳಿಗೆ ಸರಿಯಾಗಿ ತಿಳಿದಿದೆ, ತಪ್ಪಿರುವುದು ಅವಳ ಮೈಯ 'ಗೊತ್ತು'. ನಿದ್ದೆ ಬಾರದವರದ್ದು ಇನ್ನೊಂದು ಬಗೆ. ಅವರಲ್ಲಿ ಹಲವರಿಗೆ ಎಚ್ಚರವಿದ್ದ ಹೊತ್ತು ಇದ್ದದ್ದಕ್ಕಿಂತ ಉದ್ದವಾಗಿಯೂ ಮಲಗಿದ ಹೊತ್ತು ಗಿಡ್ಡವಾಗಿಯೂ ಕಾಣುತ್ತದೆ. ಅದು ಅಂದಾಜಿನ ತೊಂದರೆ, ಆ ಅಂದಾಜಿನಿಂದಲೇ ಚಿಂತೆ ಹತ್ತಿ ಇನ್ನಷ್ಟು ನಿದ್ದೆ ಹಾರುತ್ತದೆ. ರಾತ್ರಿ ಎದ್ದೆದ್ದು ಗಡಿಯಾರ ನೋಡಬೇಡಿ ಎಂದು ಡಾಕ್ಟರು ಹೇಳುವುದು ಇದಕ್ಕೇ. ಜ್ವರ ಬಂದಾಗಲೂ ಅಂದಾಜು ಕೆಡುತ್ತದೆ. ಅಮೆರಿಕದ ವಿಜ್ಞಾನಿ ಹಡ್ಸನ್ ಹೋಗ್ಲಂಡ್ ತನ್ನ ಹೆಂಡತಿ ಜ್ವರದಲ್ಲಿ ಮಲಗಿದ್ದಾಗ ಸೆಕೆಂಡು ಎಣಿಸಲು ಹೇಳಿ ನೋಡಿದರು, ಜ್ವರ ಏರಿದಷ್ಟೂ ಆಕೆ ಬೇಗ ಬೇಗ ಎಣಿಸುತ್ತಿದ್ದರು. ನಿಜವಾಗಿ ಕಳೆದದ್ದು ಸ್ವಲ್ಪ ಹೊತ್ತು, ಆಕೆಗೆ ಅನಿಸಿದ್ದು ತುಂಬ ಹೊತ್ತು. 1933ರಲ್ಲಿ ಹೋಗ್ಲಂಡ್ ಅದನ್ನು ಬರೆದು ಪ್ರಕಟಿಸಿದರು.

ಈಗ ನನ್ನ ತೊಡಕುಗಳು.

ಮೊದಲನೆಯದು, 'ಹೊತ್ತುಗೊತ್ತು' ಎಂಬ ಜೋಡಿ ಪದ ನಮ್ಮಲ್ಲಿ ಆಗಲೇ ಇದೆ, ಆದರೆ ಅದು ಬರುವುದು ಹೆಚ್ಚಾಗಿ 'ಇಲ್ಲ'ದ ಜೊತೆ: ಹೊತ್ತುಗೊತ್ತಿಲ್ಲದೆ ಮನೆಗೆ ಬರುತ್ತಾನೆ, ಹೊತ್ತುಗೊತ್ತಿಲ್ಲದ ಊಟ. ಬೈಗುಳದ ಜೊತೆಗೇ ಕೇಳಿದ ಪದವನ್ನು ಒಳ್ಳೆಯ ಅರ್ಥಕ್ಕೆ ತಂದರೆ ಓದುವವರಿಗೆ ಮುಜುಗರ ಆಗುತ್ತದೆಯೇ? ಪಾಪ, ನಿದ್ದೆಗೆಟ್ಟು ದುಡಿಯುವವರಿಗೆ ಬೈದ ಹಾಗೆ ಕೇಳಬಾರದು. ನಡುವೆ 'ಇನ' ಸೇರಿಸಿ 'ಹೊತ್ತಿನ ಗೊತ್ತು' ಎಂದರೆ ಆ ಬೈಗುಳದ ಧಾಟಿ ಹೋಗುತ್ತದೆ ಎಂದು ನನ್ನ ಕಿವಿಗೆ ಅನಿಸುತ್ತದೆ. ನಿಮ್ಮ ಕಿವಿಗೆ?

ಎರಡನೆಯದು ಸ್ವಲ್ಪ ಗಟ್ಟಿ ಪ್ರಶ್ನೆ. ಬೇಗ ಏಳಬೇಕಾದ ದಿನ ಅಜ್ಜಿ ನಮಗೆ "ಐದು ಗಂಟೆಗೆ ಎಬ್ಬಿಸು ಅಂತ ದಿಂಬಿಗೆ ಹೇಳಿ ಮಲಗಿ" ಎನ್ನುತ್ತಿದ್ದರು. ನಿಜಕ್ಕೂ ಎಚ್ಚರವಾಗುತ್ತಿತ್ತು. ಇದು ಸುಮ್ನೆ ನಂಬಿಕೆಯಲ್ಲ. 1999ರಲ್ಲಿ ಜರ್ಮನಿಯ ಸಂಶೋಧಕರು ಮಲಗುವವರಿಗೆ ಆರಕ್ಕೆ ಎಬ್ಬಿಸುತ್ತೇವೆ ಎಂದು ಹೇಳಿದಾಗ, ಆರಕ್ಕೆ ಮುಂಚಿನ ಒಂದು ಗಂಟೆಯಲ್ಲಿ, ನಿದ್ದೆಯಲ್ಲೇ, ಏಳಲು ಮೈಯನ್ನು ಸಜ್ಜು ಮಾಡುವ ಒಂದು ಹಾರ್ಮೋನು ಅವರ ರಕ್ತದಲ್ಲಿ ಏರಿತು. ಒಂಬತ್ತಕ್ಕೆ ಎಂದು ಹೇಳಿ ಆರಕ್ಕೇ ಎಬ್ಬಿಸಿದಾಗ ಆ ಮುಂಚಿನ ಏರಿಕೆ ಇರಲಿಲ್ಲ. ಹಾಗಾದರೆ ದಿಂಬಿಗೆ ಹೇಳುವುದು ಗೊತ್ತೋ ಅಂದಾಜೋ? ಮನಸ್ಸು ನಿಶ್ಚಯ ಮಾಡಿದೆ, ಮೈ ಪಾಲಿಸಿದೆ. 'ಗೊತ್ತುಮಾಡುವುದು' ಎಂಬ ಹಳೆಯ ಅರ್ಥ ಇಲ್ಲಿಗೆ ಕೂರುತ್ತದೆ ಎಂದು ನನ್ನ ಊಹೆ, ಆದರೆ ಎರಡು ಪದಗಳ ನಡುವೆ ನಾನು ಎಳೆದ ಗೆರೆ ಇಲ್ಲಿ ಮಸುಕಾಗುತ್ತದೆ. ವ್ಯಾಕರಣ, ನಿಘಂಟು ಚೆನ್ನಾಗಿ ತಿಳಿದವರು ಇದಕ್ಕೆ ಉತ್ತರ ಕೊಟ್ಟರೆ ತುಂಬ ಉಪಕಾರ.

ಜೊತೆಗೆ ಒಂದೆರಡು ಚಿಕ್ಕ ಪದಗಳು. ಕೂಡಿಬಂದ ನಿದ್ದೆಯ ಕೊರತೆಗೆ 'ನಿದ್ದೆಯ ಸಾಲ' ಎಂದು ಬರೆದಿದ್ದೆ, ಅಕ್ಕ 'ನಿದ್ದೆ ಬಾಕಿ' ಎಂದು ತಿದ್ದಿದಳು. ಇಲ್ಲಿ ನಾವು ಆಡುವುದೂ ಹಾಗೇ, ನಿದ್ದೆ ಬಾಕಿ ಉಂಟು ಎಂದು, ಅದನ್ನೇ ಇಡುತ್ತೇನೆ. ಕೂತಲ್ಲೇ ತಲೆ ವಾಲುವುದಕ್ಕೆ ತೂಕಡಿಕೆ ಇದೆ, ತೂಗು ಎಂಬುದರಿಂದ ಬಂದದ್ದು, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರಿಗೆಲ್ಲ ಪರಿಚಯದ್ದು. ಆದರೆ ಕಣ್ಣು ತೆರೆದೇ ಇದ್ದು ಮೂರು ನಾಲ್ಕು ಸೆಕೆಂಡು ಮಿದುಳು ಮಲಗಿಬಿಡುತ್ತದಲ್ಲ, ಡ್ರೈವರುಗಳಿಗೆ ಬೆಳಗಿನ ಜಾವ ಆಗುವುದು, ಅದಕ್ಕೆ ತೂಕಡಿಕೆ ಸಾಲದು. ಅಲ್ಲಿ ತಲೆ ವಾಲುವುದೇ ಇಲ್ಲ. ತುಳುವಿನಲ್ಲಾಗಲಿ, ಕುಂದಾಪುರದ ಕನ್ನಡದಲ್ಲಾಗಲಿ, ಬೋಟಿಗೆ ಹೋಗುವವರ ಬಾಯಲ್ಲಾಗಲಿ ಇದಕ್ಕೆ ಪದ ಇದೆಯೇ? ಬಲೆ ಎಳೆಯಲು ರಾತ್ರಿ ಹೊತ್ತುಹೊತ್ತಿಗೆ ಏಳುವವರು ಅವರು. ಅವರಲ್ಲಿ ಪದ ಇದ್ದೇ ಇರಬೇಕು ಎಂದು ನನಗೆ ಅನಿಸುತ್ತದೆ, ನಾಳೆ ಮಲ್ಪೆಗೆ ಹೋದಾಗ ಬೋಟು ನಡೆಸುವ ಒಬ್ಬ ತಾಂಡೇಲರನ್ನು ಕೇಳಿ ಬರುತ್ತೇನೆ. ನಿಮ್ಮ ಮನೆಯಲ್ಲಿ ಡ್ರೈವರುಗಳು, ಮೀನುಗಾರರು ಇದ್ದರೆ ದಯವಿಟ್ಟು ಕೇಳಿ ಅವರು ಹೇಳಿದ ಹಾಗೆಯೇ ಬರೆದು ಕಳಿಸಿ. ಕರಪತ್ರ ಅಚ್ಚಿಗೆ ಹೋಗಲು ಇನ್ನು ಎರಡು ವಾರ ಇದೆ.