ಚರ್ಚ್ ಸ್ಟ್ರೀಟ್, ಬ್ರಿಗೇಡ್ ರೋಡ್ ಕಡೆ ಮಾತಾಡುತ್ತ ಕೂರುವಂಥ ಪಬ್ ಯಾವುದಿದೆ?

ತೋಟದ ಹುಡುಗ:
ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ನಮ್ಮ ಚಿಕ್ಕಪ್ಪ ಶಿವಮೊಗ್ಗದಿಂದ ಬರುತ್ತಿದ್ದಾರೆ. 64 ವರ್ಷ ಅವರಿಗೆ. 1988ರಿಂದ 1996ರವರೆಗೆ ಬೆಂಗಳೂರಲ್ಲೇ ಕೆಲಸ ಮಾಡಿದವರು, ಆಮೇಲೆ ಅಜ್ಜನಿಗೆ ಹುಷಾರಿಲ್ಲ ಅಂತ ಕೆಲಸ ಬಿಟ್ಟು ತೋಟಕ್ಕೆ ಹೋದರು. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅವರೇ. ಸಂಬಳ ಆದ ದಿನ ಗೆಳೆಯರೆಲ್ಲ ಸೇರಿ ಬ್ರಿಗೇಡ್ ರೋಡ್ ಕಡೆ ಹೋಗಿ ಒಂದೊಂದು ಮಗ್ ಬಿಯರ್ ಕುಡಿದು, ಕೊನೇ ಬಸ್ಸು ಹಿಡಿಯೋಕೆ ಶಿವಾಜಿನಗರಕ್ಕೆ ಓಡುತ್ತಿದ್ದದ್ದನ್ನು ಈಗಲೂ ಹೇಳುತ್ತಾರೆ. ಒಂದು ಪಬ್ ಅಂತೂ ಒಳಗೆ ಹೋದರೆ ರಾಕೆಟ್‌ನಲ್ಲಿ ಕೂತ ಹಾಗೆ ಇತ್ತಂತೆ. ಅದು ಇನ್ನೂ ಇದೆಯೇನೋ ಅಂತ ಮೊನ್ನೆ ಫೋನಲ್ಲಿ ಕೇಳಿದರು.

ಈ ಸಲ ನಾನು ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಆದರೆ ನನಗೆ ಗೊತ್ತಿರುವುದೆಲ್ಲ ಆಫೀಸಿನವರ ಜೊತೆ ಹೋಗಿರುವ ಜಾಗಗಳು. ಹೋದ ತಿಂಗಳು ಕೋರಮಂಗಲದ ಒಂದು ಪಬ್‌ಗೆ ಹೋಗಿದ್ದೆವು, ಎದುರಿಗೆ ಕೂತವನು ಏನು ಹೇಳುತ್ತಿದ್ದಾನೆ ಅಂತ ತುಟಿ ನೋಡಿ ಊಹೆ ಮಾಡಬೇಕಿತ್ತು. ಚಿಕ್ಕಪ್ಪನನ್ನು ಅಂಥ ಕಡೆ ಕೂರಿಸಲಾರೆ. ಮಂಡಿ ನೋವು ಬೇರೆ ಇದೆ, ಮೆಟ್ಟಿಲು ಜಾಸ್ತಿ ಆಗುವುದಿಲ್ಲ. ಇಬ್ಬರೂ ನಿಧಾನಕ್ಕೆ ಎರಡು ಬಿಯರ್ ಕುಡಿದು ಮಾತಾಡಬೇಕು, ಅಷ್ಟೇ. ಎಲ್ಲಿ ಹೋಗಲಿ?

ಹಳೇ ದಂಡಿನವನು:
ನಿಮ್ಮ ಚಿಕ್ಕಪ್ಪ ಹೇಳಿದ ರಾಕೆಟ್ ಪಬ್ಬು ಚರ್ಚ್ ಸ್ಟ್ರೀಟಿನ ನಾಸಾ. ಒಳಗೆಲ್ಲ ಗಗನನೌಕೆಯ ಹಾಗೆ ಕಟ್ಟಿದ್ದರು. ಅದು ಮುಚ್ಚಿ ಬಹಳ ವರ್ಷ ಆಯಿತು. ಎಂಜಿ ರೋಡಲ್ಲಿ ದಿ ಅಂಡರ್‌ಗ್ರೌಂಡ್ ಅಂತ ಇತ್ತು, ಲಂಡನ್ನಿನ ನೆಲದಡಿಯ ರೈಲು ನಿಲ್ದಾಣದ ಥರ ಮಾಡಿದ್ದರು, ಅದೂ ಹೋಯಿತು. ಬಂಬೂ ಬಜಾರ್ ಕಡೆಯ ಡೀವರ್ಸ್ ಬಾರ್ 1933ರದ್ದು, ಬೆತ್ತದ ಕುರ್ಚಿ ಹಾಕಿಕೊಂಡು ಹಾಗೇ ಇತ್ತು, ಅದನ್ನೂ ಮುಚ್ಚಿದರು. ಅದರ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ.

ಉಳಿದಿರುವುದು ಪೆಕೋಸ್. ಬ್ರಿಗೇಡ್ ರೋಡಿನಿಂದ ರೆಸ್ಟ್ ಹೌಸ್ ರೋಡಿಗೆ ತಿರುಗಿದರೆ ಸಿಗುತ್ತದೆ. 1989ರಲ್ಲಿ ಶುರುವಾದದ್ದು, ಅಂದರೆ ನಿಮ್ಮ ಚಿಕ್ಕಪ್ಪ ಇಲ್ಲಿಗೆ ಬಂದ ಮರುವರ್ಷ. ಅವರು ಖಂಡಿತ ಹೋಗಿರುತ್ತಾರೆ, ಕೇಳಿ ನೋಡಿ. ಮರದ ಬೆಂಚು, ಗೋಡೆ ತುಂಬ ಹಳೇ ರಾಕ್ ಹಾಡುಗಾರರ ಚಿತ್ರಗಳು, ಮಗ್ಗಲ್ಲಿ ಇಲ್ಲಾ ದೊಡ್ಡ ಜಗ್ಗಲ್ಲಿ ಬಿಯರ್. ಹಾಡಂತೂ ಹಾಕಿಯೇ ಇರುತ್ತಾರೆ. ಮೇಲಿನ ಮಹಡಿಗೆ ಹೋಗುವ ಮೆಟ್ಟಿಲು ಕಿರಿದು, ಮಂಡಿ ನೋವಿನವರಿಗೆ ಬೇಡ. ಕೆಳಗೇ ಕೂತುಕೊಳ್ಳಿ. ಶನಿವಾರ ಸಂಜೆ ಕಾಲಿಡೋಕೆ ಜಾಗ ಇರುವುದಿಲ್ಲ, ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆ ಹೋಗಿ. ಆ ಹೊತ್ತಲ್ಲಿ ಬರುವವರು ಹತ್ತು ಜನ, ಅವರೂ ಮಾತಾಡೋಕೇ ಬಂದಿರುತ್ತಾರೆ.

ಹಾಡೇ ಬೇಡ ಅನ್ನಿಸಿದರೆ ಸೇಂಟ್ ಮಾರ್ಕ್ಸ್ ರೋಡಿನ ಕೋಶೀಸ್. ಅದು ಪಬ್ ಅಲ್ಲ, ಹಳೇ ರೆಸ್ಟೋರೆಂಟು, ಆದರೆ ಬಿಯರ್ ಸಿಗುತ್ತದೆ. ಎದ್ದೇಳಿ ಅಂತ ಯಾರೂ ಅವಸರ ಮಾಡುವುದಿಲ್ಲ. ಎರಡು ತಾಸು ಕೂತು ಮಾತಾಡಿದ್ದೇನೆ, ಎಷ್ಟೋ ಸಲ. ಇನ್ನೊಂದು ಮಾತು. ಎಲ್ಲೇ ಹೋದರೂ ಕನ್ನಡದಲ್ಲೇ ಆರ್ಡರ್ ಕೊಡಿ. ಈ ಹಳೇ ಜಾಗಗಳಲ್ಲಿ ಕನ್ನಡ ಮಾತಾಡುವವರು ಯಾರಾದರೂ ಇದ್ದೇ ಇರುತ್ತಾರೆ, ನಿಮ್ಮ ಚಿಕ್ಕಪ್ಪನಿಗೂ ಅದು ಖುಷಿ ಕೊಡುತ್ತದೆ.

ನೊರೆ ಎರಡು ಬೆರಳು:
ನಾನು ಒಂದು ಬ್ರೂವರಿಯಲ್ಲಿ, ಅಂದರೆ ಬಿಯರ್ ತಯಾರಿಸುವ ಕಡೆ ಕೆಲಸ ಮಾಡುತ್ತೇನೆ, ಯಾವುದು ಅಂತ ಹೇಳುವುದು ಬೇಡ. ಹಳೇ ಜಾಗ ತೋರಿಸಿ, ಸರಿ. ಆದರೆ ಅವರು ಊರಿಗೆ ಹೋದ ಮೇಲೆ ಇಲ್ಲಿ ಬಿಯರೇ ಬದಲಾಗಿದೆ, ಅದನ್ನೂ ಒಂದು ಸಲ ತೋರಿಸಿ. 1990ರ ಹೊತ್ತಿಗೆ ಪಬ್‌ನಲ್ಲಿ ಸಿಗುತ್ತಿದ್ದದ್ದು ಫ್ಯಾಕ್ಟರಿಯಿಂದ ಪೀಪಾಯಿಯಲ್ಲಿ ಬಂದ ಲಾಗರ್, ಅಂದರೆ ತಿಳಿಯಾದ ಮಾಮೂಲಿ ಬಿಯರ್. ಈಗ ಅಲ್ಲೇ, ಗಾಜಿನ ಆಚೆ ಕಾಣುವ ಸ್ಟೀಲ್ ಟ್ಯಾಂಕಲ್ಲಿ ಮಾಡಿ ಅಲ್ಲೇ ಕೊಡುತ್ತಾರೆ. ಇಂದಿರಾನಗರ 100 ಅಡಿ ರಸ್ತೆಯ ಟಾಯ್ಟ್ 2010ರಲ್ಲಿ ಶುರುವಾಯಿತು, ಬ್ರಿಗೇಡ್ ರೋಡಿಗೆ ಹತ್ತಿರ ಅಂದರೆ ಮೆಗ್ರಾತ್ ರೋಡಿನ ಆರ್ಬರ್, ಅದು 2012ರದ್ದು.

ಚಿಕ್ಕಪ್ಪನಿಗೆ ಮೊದಲು ಗೋಧಿ ಬಿಯರ್ ಕೊಡಿಸಿ. ಹೆಫೆವೈಜನ್ ಅಂತಾರೆ. ಮಬ್ಬಾಗಿರುತ್ತದೆ, ಸೋಸಿರುವುದಿಲ್ಲ, ಅದು ಹಾಳಾಗಿದೆ ಅಂತಲ್ಲ. ಮೂಗಿನ ಹತ್ತಿರ ತಂದರೆ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ. ಬಾಳೆಹಣ್ಣನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ, ಎರಡೂ ಆ ಯೀಸ್ಟ್ ಹುದುಗುವಾಗ ಹುಟ್ಟುವ ವಾಸನೆ. ಹೆಚ್ಚಿನ ಕಡೆ ಪುಟ್ಟ ಲೋಟದಲ್ಲಿ ರುಚಿ ನೋಡೋಕೆ ಕೊಡುತ್ತಾರೆ, ಕೇಳೋಕೆ ಸಂಕೋಚ ಬೇಡ. ಐಸ್ ಮಾತ್ರ ಹಾಕಿಸಬೇಡಿ, ದಯವಿಟ್ಟು. ಮೂರು ವಾರ ಕಾದು ಮಾಡಿದ್ದು ಎರಡು ನಿಮಿಷದಲ್ಲಿ ನೀರಾಗುತ್ತದೆ. ನೊರೆ ನೋಡಿ ಕಡಿಮೆ ಹಾಕಿದರು ಅಂತ ಬೈಯುವವರೂ ಇದ್ದಾರೆ, ಆದರೆ ಮೇಲಿನ ಎರಡು ಬೆರಳು ನೊರೆಯಲ್ಲೇ ಆ ವಾಸನೆ ಇರುವುದು. ಗೋಧಿ ಬಿಯರ್ ಸಾಮಾನ್ಯವಾಗಿ 5% ಆಸುಪಾಸು. ಬಾಟಲಿಯ ಸ್ಟ್ರಾಂಗ್ ಬಿಯರ್ ಲೇಬಲ್ ಮೇಲೆ 8% ಮೀರದಂತೆ ಅಂತ ಬರೆದಿರುತ್ತಾರಲ್ಲ, ಅದಕ್ಕಿಂತ ಹಗುರ. ವಯಸ್ಸಾದವರಿಗೆ ಇದೇ ಒಳ್ಳೆಯದು.

12ನೇ ಮೇನ್ ನಿವಾಸಿ:
ಇಂದಿರಾನಗರದ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಪಬ್ ವಿರೋಧಿ ಅಲ್ಲ, ನಾನೂ ಕುಡಿಯುತ್ತೇನೆ. ಆದರೆ ನಮ್ಮ ಮನೆಯ ಹಿಂದೆ ಒಂದು ಪಬ್ಬಿದೆ, ಶುಕ್ರವಾರ ರಾತ್ರಿ ಅಡುಗೆಮನೆ ಶೆಲ್ಫಿನ ಮೇಲಿರುವ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಗಿಣಿಗಿಣಿ ಅನ್ನುತ್ತಲೇ ಇರುತ್ತವೆ. ಹಾಡು ಕೇಳಿಸುವುದಿಲ್ಲ, ಬರೀ ಆ ಡಬ್ ಡಬ್ ಗೋಡೆಯಲ್ಲಿ ಬರುತ್ತದೆ. 83 ವರ್ಷದ ಅಮ್ಮ ಲೋಟಗಳ ಮಧ್ಯೆ ಬಟ್ಟೆ ಇಟ್ಟು ಮಲಗುತ್ತಾರೆ.

ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45, ಇದು 2000ನೇ ಇಸವಿಯ ನಿಯಮ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಸ್ಪೀಕರ್ ಹಾಕುವಂತಿಲ್ಲ. 112ಕ್ಕೆ ಫೋನ್ ಮಾಡಿದರೆ ಪೊಲೀಸರು ಬರುತ್ತಾರೆ, ಅರ್ಧ ಗಂಟೆ ಕಡಿಮೆಯಾಗುತ್ತದೆ, ಮತ್ತೆ ಅದೇ. ಪಬ್ ರಾತ್ರಿ 1ರವರೆಗೆ ಇರಲಿ, ಬೇಡ ಅನ್ನುವುದಿಲ್ಲ. ಗೋಡೆಗೆ ಸದ್ದು ತಡೆಯುವ ಪದರ ಹಾಕಿಸಲಿ, ಮೇಲ್ಛಾವಣಿಯಲ್ಲಿ ಸ್ಪೀಕರ್ ಬೇಡ. ಮತ್ತೆ ಬರುವವರು ಯಾರದೋ ಮನೆ ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ. ಮೆಟ್ರೋದಲ್ಲಿ ಬನ್ನಿ, ಇಂದಿರಾನಗರ ಸ್ಟೇಷನ್ನಿನಿಂದ ನಡೆದೇ ಬರಬಹುದು.

ತೋಟದ ಹುಡುಗ:
ಮೆಟ್ರೋದಲ್ಲೇ ಹೋಗುತ್ತೇವೆ ಸರ್, ಕುಡಿದು ಗಾಡಿ ಮುಟ್ಟುವ ಮಾತೇ ಇಲ್ಲ. ಅಮ್ಮನ ವಿಷಯ ಓದಿ ಬಹಳ ಬೇಜಾರಾಯಿತು. ನೀವು ಹೇಳಿದ್ದು ನಾನು ಕೇಳಿದ ಪ್ರಶ್ನೆಯೇ ಅನ್ನಿಸುತ್ತದೆ. ಒಳಗೆ ಕೂತವರಿಗೂ ಬೇಡ, ಹೊರಗೆ ಮಲಗಿದವರಿಗೂ ಬೇಡ, ಅಷ್ಟು ಜೋರಾಗಿ ಹಾಕುವುದು ಯಾರಿಗೋಸ್ಕರ?

ಕುಡ್ಲದ ಹುಡುಗಿ:
ಸದ್ದಿನ ಬಗ್ಗೆ ನಾನೂ ಒಪ್ಪುತ್ತೇನೆ. ಆದರೆ ಒಂದು ಹೇಳಬೇಕು. ನಾನು ಮಂಗಳೂರಿನವಳು. 2009ರಲ್ಲಿ ನಮ್ಮೂರಿನ ಪಬ್‌ಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದಾಗ ನಾನು ಹೈಸ್ಕೂಲು. ಅಮ್ಮ ಟಿವಿ ಆಫ್ ಮಾಡಿದ್ದು ನೆನಪಿದೆ. ಈಗ ಚರ್ಚ್ ಸ್ಟ್ರೀಟಿನಲ್ಲಿ ನಾವು ಮೂವರು ಗೆಳತಿಯರು ಸಂಜೆ ಏಳಕ್ಕೆ ಕೂತು ಕುಡಿದು, ಮೀನು ತಿಂದು, ನಗುತ್ತ ಎಂಜಿ ರೋಡ್ ಸ್ಟೇಷನ್ನಿಗೆ ನಡೆದು ಹೋಗುತ್ತೇವೆ. ಕಲ್ಲು ಹಾಸಿ ಹೊಸದಾಗಿ ಮಾಡಿದ ಮೇಲೆ ಆ ಬೀದಿಯಲ್ಲಿ ಬೆಳಕಿದೆ, ಜನ ಇದ್ದಾರೆ, ಪುಸ್ತಕದ ಅಂಗಡಿ ತೆರೆದಿರುತ್ತದೆ. ನನಗೆ ಇದು ಸಣ್ಣ ವಿಷಯ ಅಲ್ಲ. ಜಾಗ ಹೇಳುವಾಗ ಟಾಯ್ಲೆಟ್ ಹೇಗಿದೆ, ಬಾಗಿಲಲ್ಲಿ ನಿಂತವರು ಹೇಗೆ ಮಾತಾಡಿಸುತ್ತಾರೆ ಅಂತಲೂ ಹೇಳಿ ಮಾರಾಯ್ರೇ, ಓದುವವರಲ್ಲಿ ನಾವೂ ಇದ್ದೇವೆ ಅಲ್ವಾ.

ಮತ್ತೆ ತೋಟದವರೇ, ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಹಾಕಿದ್ದರೆ ನೋಡಿ. ಅದು ಕಡ್ಡಾಯ ಅಲ್ಲ, ತೆಗೆಯಿರಿ ಅಂದರೆ ತೆಗೆಯಬೇಕು. ಆ ದುಡ್ಡನ್ನು ಬಡಿಸಿದವರ ಕೈಗೇ ಕೊಡಿ.

ತೋಟದ ಹುಡುಗ:
ಹೋಗಿ ಬಂದೆವು. ಬುಧವಾರ ನಾಲ್ಕಕ್ಕೆ ಪೆಕೋಸ್. ರೆಸ್ಟ್ ಹೌಸ್ ರೋಡಿಗೆ ತಿರುಗುತ್ತಲೇ ಚಿಕ್ಕಪ್ಪ ನನಗಿಂತ ಮುಂದೆ ನಡೆದರು, ಬೋರ್ಡು ನೋಡದೆ ಬಾಗಿಲಿಗೇ ಹೋದರು. ಕೂತ ಮೇಲೆ ಹತ್ತು ನಿಮಿಷ ಮಾತೇ ಇಲ್ಲ, ಬೆಂಚಿನ ಅಂಚನ್ನು ಹೆಬ್ಬೆರಳಲ್ಲಿ ಸವರುತ್ತಿದ್ದರು. ಆಮೇಲೆ ಶುರು ಮಾಡಿದರು. ಜೊತೆಗೆ ಬರುತ್ತಿದ್ದ ನಾಲ್ವರಲ್ಲಿ ಇಬ್ಬರು ಈಗಿಲ್ಲ. ಊರಿಗೆ ಹೋಗುವ ಹಿಂದಿನ ದಿನ ಎಲ್ಲರೂ ಇಲ್ಲೇ ಕೂತು ಕೊನೇ ಬಿಯರ್ ಕುಡಿದರಂತೆ, ಅವತ್ತು ಚಿಕ್ಕಪ್ಪನಿಗೆ ದುಡ್ಡು ಕೊಡೋಕೆ ಬಿಟ್ಟಿರಲಿಲ್ಲವಂತೆ. ಇದನ್ನು ಇಷ್ಟು ವರ್ಷದಲ್ಲಿ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮರುದಿನ ಆರ್ಬರ್‌ಗೆ ಹೋಗಿ ಗೋಧಿ ಬಿಯರ್ ಕೊಡಿಸಿದೆ. ಮೂಸಿ ನೋಡಿ ಏಲಕ್ಕಿ ಬಾಳೆಯಲ್ಲ, ಪಚ್ಚಬಾಳೆ ಅಂದರು. ಬಿಲ್ಲು ಬಂದಾಗ ನಾನು ಕೈ ಹಾಕುವಷ್ಟರಲ್ಲಿ ಅವರೇ ಎಳೆದುಕೊಂಡರು, ಎಷ್ಟು ಹೇಳಿದರೂ ಬಿಡಲಿಲ್ಲ. ಮೂರು ದಿನ ಇನ್ನೂ ಇರುತ್ತಾರೆ. ಕೋಶೀಸ್ ಬಾಕಿ ಇದೆ.