‘ಪ್ರಾಬಬಲ್ ಪ್ರೈಮ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರೈಮ್ ನಂಬರ್‌ಗೆ ಅವಿಭಾಜ್ಯ ಸಂಖ್ಯೆ ಅನ್ನೋದು ಶಾಲೆಯಿಂದಲೇ ಬಳಕೆಯಲ್ಲಿದೆ. ಅದರ ಬಗ್ಗೆ ತಕರಾರಿಲ್ಲ. ನನ್ನ ತೊಡಕು ಅದರ ಮುಂದೆ ಬಂದು ಕೂರುವ ‘ಪ್ರಾಬಬಲ್’ದು. ಒಂದು ಪರೀಕ್ಷೆ ದಾಟಿದರೂ ಅವಿಭಾಜ್ಯ ಅಂತ ಇನ್ನೂ ಸಾಬೀತಾಗದ ಸಂಖ್ಯೆಗೆ ಇಂಗ್ಲಿಷಿನಲ್ಲಿ ‘ಪ್ರಾಬಬಲ್ ಪ್ರೈಮ್’ ಅನ್ನುತ್ತಾರೆ. ದೊಡ್ಡ ಅವಿಭಾಜ್ಯಗಳ ಬಗ್ಗೆ ಬರೆಯುವಾಗ ಇದು ಪದೇ ಪದೇ ಎದುರಾಗುತ್ತದೆ.

ಒಂದು ಉದಾಹರಣೆ ನೋಡಿ. 2ರ ಘಾತ 13,62,79,841ರಿಂದ 1 ಕಳೆದರೆ 4,10,24,320 ಅಂಕಿಗಳ ಸಂಖ್ಯೆ ಬರುತ್ತದೆ. (ಅಂಕಿ ಅನ್ನಬೇಕಾದ ಕಡೆಯೂ ‘ಸಂಖ್ಯೆ’ ಅಂತ ಬರೆಯುವವರಿದ್ದಾರೆ. ಅದು ಬೇರೆಯದೇ ಜಗಳ.) 2024ರ ಅಕ್ಟೋಬರ್ 11ರಂದು ದೊಡ್ಡ ಅವಿಭಾಜ್ಯಗಳನ್ನು ಹುಡುಕುವ ಗಿಂಪ್ಸ್ ಯೋಜನೆಯ ಲ್ಯೂಕ್ ಡುರಾಂಟ್ ಓಡಿಸುತ್ತಿದ್ದ ಒಂದು ಗ್ರಾಫಿಕ್ಸ್ ಚಿಪ್ ಇದನ್ನು ‘ಪ್ರಾಬಬಲ್ ಪ್ರೈಮ್’ ಎಂದಿತು. ಮರುದಿನ, ಇಂಥ ಸಂಖ್ಯೆಗಳಿಗೆ ಖಚಿತ ಉತ್ತರ ಕೊಡುವ ಲ್ಯೂಕಾಸ್-ಲೆಹ್ಮರ್ ಪರೀಕ್ಷೆಯಲ್ಲಿ ಅವಿಭಾಜ್ಯವೆಂದು ಸಾಬೀತಾಯಿತು, ‘ಪ್ರಾಬಬಲ್’ ಉದುರಿತು. ಸಂಖ್ಯೆ ಒಂಚೂರೂ ಬದಲಾಗಲಿಲ್ಲ, ನಮಗೆ ಗೊತ್ತಾಯಿತು ಅಷ್ಟೆ.

ಗಣಿತದ ಪಠ್ಯದಲ್ಲಿ ಪ್ರಾಬಬಿಲಿಟಿಗೆ ಸಂಭವನೀಯತೆ ಅಂತಿದೆ. ಹಾಗಾಗಿ ‘ಸಂಭವನೀಯ ಅವಿಭಾಜ್ಯ’ ಅನ್ನಬಹುದು. ಆದರೆ ಕಿವಿಗೆ ಅದು ‘ಸಂಭಾವ್ಯ ಅಭ್ಯರ್ಥಿ’ ಅಂದಹಾಗೆ ಕೇಳಿಸುತ್ತದೆ, ಅಲ್ವಾ? ಅಭ್ಯರ್ಥಿಗೆ ಟಿಕೆಟ್ ಸಿಕ್ಕರೂ ಸಿಗಬಹುದು, ತಪ್ಪಿದರೂ ತಪ್ಪಬಹುದು. ಸಂಖ್ಯೆ ಮುಂದೆಂದೋ ಅವಿಭಾಜ್ಯ ‘ಆಗುವುದಿಲ್ಲ’.

ಇದರ ಹಿಂದಿರುವ ಫರ್ಮಾ ಪರೀಕ್ಷೆ ಸರಳ. 7 ಅವಿಭಾಜ್ಯ. 7ಕ್ಕಿಂತ ಒಂದು ಕಡಿಮೆ, ಅಂದರೆ 6ನ್ನು 2ರ ಘಾತವಾಗಿ ಇಟ್ಟರೆ 64, ಅದನ್ನು 7ರಿಂದ ಭಾಗಿಸಿದರೆ ಶೇಷ 1. 2ನ್ನು ಬಿಟ್ಟರೆ ಎಲ್ಲ ಅವಿಭಾಜ್ಯಗಳಿಗೂ ಹೀಗೇ ಶೇಷ 1 ಬರಲೇಬೇಕು. 9ಕ್ಕೆ ಮಾಡಿದರೆ 2ರ ಘಾತ 8, ಅಂದರೆ 256, ಶೇಷ 4. ಅಲ್ಲಿಗೆ 9 ಅವಿಭಾಜ್ಯವಲ್ಲ ಅಂತ ಖಚಿತ. ಆದರೆ 341 ನಮಗೆ ಟೋಪಿ ಹಾಕುತ್ತದೆ. 2ರ ಘಾತ 10 ಅಂದರೆ 1024, ಅದು 341ರ ಮೂರು ಪಟ್ಟಿಗಿಂತ 1 ಜಾಸ್ತಿ. 340 ಅಂದರೆ 10ರ 34 ಪಟ್ಟು, ಹಾಗಾಗಿ ಘಾತ 340ಕ್ಕೂ ಶೇಷ 1. ಪರೀಕ್ಷೆ ಪಾಸ್! ಆದರೆ 341 ಅಂದರೆ 11 ಗುಣಿಸು 31. 2ನ್ನು ಇಟ್ಟುಕೊಂಡು ಮಾಡುವ ಪರೀಕ್ಷೆಯಲ್ಲಿ ಹೀಗೆ ನುಸುಳುವ ಅತಿ ಚಿಕ್ಕ ಸಂಖ್ಯೆ ಇದೇ. ಇಂಥ ಸೂಡೋಪ್ರೈಮ್‌ಗಳಿಗೆ ‘ಹುಸಿ ಅವಿಭಾಜ್ಯ’ ಅನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಹುಸಿನಗೆ, ಹುಸಿಮುನಿಸು ಇದ್ದಹಾಗೆ ಸಲೀಸಾಗಿ ಕೂರುತ್ತದೆ.

2ರ ಘಾತ 11ರಿಂದ 1 ಕಳೆದರೆ 2047. ಅದು 23 ಗುಣಿಸು 89, ಆದರೂ 2ರ ಪರೀಕ್ಷೆಯಲ್ಲಿ ಪಾಸ್. ಘಾತಾಂಕ ಅವಿಭಾಜ್ಯವಾಗಿರುವ ಈ ಜಾತಿಯ ಎಲ್ಲ ಸಂಖ್ಯೆಗಳಿಗೂ ಅದೇ ಕತೆ. ಅದಕ್ಕೇ ಗಿಂಪ್ಸ್‌ನವರು 2ರ ಬದಲು 3ನ್ನು ಬಳಸುತ್ತಾರೆ.

ಹಾಗಾದರೆ ಪರೀಕ್ಷೆ ದಾಟಿದ, ಆದರೆ ಇನ್ನೂ ಸಾಬೀತಾಗದ ಸಂಖ್ಯೆಗೆ ಏನನ್ನೋಣ? ‘ಸಾಬೀತಾಗದ ಅವಿಭಾಜ್ಯ’ ಅಂದರೆ ಅವಿಭಾಜ್ಯ ಅಂತ ಒಪ್ಪಿಕೊಂಡೇಬಿಟ್ಟಹಾಗೆ. ‘ಶಂಕಿತ ಅವಿಭಾಜ್ಯ’ ಪೊಲೀಸ್ ಠಾಣೆಯ ಭಾಷೆ. ‘ಬಹುಶಃ ಅವಿಭಾಜ್ಯ’ ಅರ್ಥಕ್ಕೆ ಹತ್ತಿರ, ಆದರೆ ‘ಬಹುಶಃ’ ಕ್ರಿಯಾಪದ ಹುಡುಕುತ್ತದೆ, ‘ಇರಬಹುದು’ ಅನ್ನದೆ ವಾಕ್ಯ ಮುಗಿಯುವುದಿಲ್ಲ. ಸದ್ಯಕ್ಕೆ ‘ಪರೀಕ್ಷೆ ದಾಟಿದ ಸಂಖ್ಯೆ’ ಅಂತ ಬರೆದುಕೊಂಡಿದ್ದೇನೆ. ವಾಕ್ಯದೊಳಗೆ ಒಪ್ಪುತ್ತದೆ, ಕೋಷ್ಟಕದ ತಲೆಬರಹಕ್ಕೆ ಮಾತ್ರ ಉದ್ದವಾಯಿತು. ಇದಕ್ಕಿಂತ ಚಿಕ್ಕ ಪದ ಯಾರಾದರೂ ಬಳಸಿದ್ದೀರಾ?